‘ನಂತರ’ ಬೇಡ, ‘ಅಥವಾ’ ಇರಲಿ

ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಎರಡು ತಿಂಗಳು ಶಾಲೆಗೆ ಹೋಗಲಿಲ್ಲ. ಜ್ವರ ಇರಲಿಲ್ಲ, ಹಟವೂ ಇರಲಿಲ್ಲ. ಒಂದು ಸಹಿ ಇರಲಿಲ್ಲ, ಅಷ್ಟೆ.

ಅಪ್ಪ–ಅಮ್ಮ ಬೇರೆಯಾಗಿದ್ದರು. ಅಮ್ಮ ನನ್ನನ್ನು ಕರೆದುಕೊಂಡು ದಾವಣಗೆರೆಯಿಂದ ತುಮಕೂರಿಗೆ, ಅಜ್ಜಿಯ ಮನೆಗೆ ಬಂದುಬಿಟ್ಟಿದ್ದಳು. ಇಲ್ಲಿನ ಶಾಲೆಗೆ ಸೇರಿಸಬೇಕಾದರೆ ಅಲ್ಲಿನ ಶಾಲೆಯ ಟಿ.ಸಿ. ಬೇಕು. ಕೇಳಲು ಹೋದರೆ ಆಫೀಸಿನವರು ದಾಖಲಾತಿ ಪುಸ್ತಕ ತಿರುವಿ ನೋಡಿ, ‘ಸೇರಿಸುವಾಗ ಸೈನ್ ಮಾಡಿರೋದು ಫಾದರ್ರು. ಅವರನ್ನೇ ಕಳಿಸಿ ಮೇಡಂ’ ಅಂದರು. ‘ನಾನು ಮಗುವಿನ ತಾಯಿ’ ಎಂದಳು ಅಮ್ಮ. ‘ಅದು ಸರಿ ಮೇಡಂ, ಆದ್ರೆ ಗಾರ್ಡಿಯನ್ ಅಂದ್ರೆ ಫಾದರ್ ಅಲ್ವಾ?’

ಅವರು ಒರಟಾಗೇನೂ ಮಾತನಾಡಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ ಅಂತ ನನಗೆ ನೀರು ಕೊಟ್ಟರು. ಅಪ್ಪ ಮಾತ್ರ ಸಹಿ ಹಾಕಲು ಎರಡು ತಿಂಗಳು ತೆಗೆದುಕೊಂಡರು. ಸಹಿ ಹಾಕಿದರೆ ಮಗುವನ್ನು ಬಿಟ್ಟುಕೊಟ್ಟ ಹಾಗೆ ಅಂತ ಯಾರೋ ಅವರ ತಲೆಗೆ ತುಂಬಿದ್ದರಂತೆ. ಟಿ.ಸಿ. ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಅಮ್ಮನಿಗೆ ಅದು ಗೊತ್ತಿರಲಿಲ್ಲ, ಅಕ್ಕಪಕ್ಕದಲ್ಲಿ ಹೇಳುವವರೂ ಇರಲಿಲ್ಲ. ನಾನು ಅಜ್ಜಿಯ ಜೊತೆ ಕೂತು ಅವರೆಕಾಯಿ ಬಿಡಿಸುತ್ತಾ ಎರಡು ತಿಂಗಳು ಕಳೆದೆ. ಆಗ ಖುಷಿಯಾಗಿಯೇ ಇತ್ತು ಅನ್ನಿ.

ಇದನ್ನೆಲ್ಲ ಈಗ ನೆನಪಿಸಿಕೊಳ್ಳಲು ಕಾರಣ, ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆ. ‘ಮಕ್ಕಳ ಕಸ್ಟಡಿ ಕಾನೂನು ಬದಲಾಗಬೇಕೇ?’ ಎಂಬುದು ವಿಷಯ. ಪರವಾಗಿ ಮಾತನಾಡಿದವರು ಅಮ್ಮಂದಿರ ಕಷ್ಟ ಹೇಳಿದರು, ವಿರೋಧಿಸಿದವರು ಅಪ್ಪಂದಿರ ಕಷ್ಟ ಹೇಳಿದರು. ಚಪ್ಪಾಳೆ ಎರಡು ಕಡೆಗೂ ಬಿತ್ತು. ಇಬ್ಬರ ಮಾತಿನಲ್ಲೂ ಮಗು ಮಾತ್ರ ಸುಮ್ಮನೆ ಕೂತಿತ್ತು. ನಾನು ಹೆಸರು ಕೊಟ್ಟಿದ್ದರೂ ವೇದಿಕೆ ಹತ್ತಲಿಲ್ಲ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಪದಗಳನ್ನು ಬೇರೆಬೇರೆ ಮಾಡಿಕೊಳ್ಳೋಣ, ಏಕೆಂದರೆ ಚರ್ಚೆಯಲ್ಲಿ ಎಲ್ಲರೂ ಅವನ್ನು ಕಲಸಿಬಿಡುತ್ತಾರೆ. ಕಸ್ಟಡಿ ಅಂದರೆ ಮಗು ಯಾರ ಮನೆಯಲ್ಲಿ ಇರುತ್ತದೆ, ಯಾರು ಊಟ ಹಾಕಿ ಶಾಲೆಗೆ ಕಳಿಸುತ್ತಾರೆ ಎಂಬುದು. ಗಾರ್ಡಿಯನ್‌ಶಿಪ್, ಅಂದರೆ ಪಾಲಕತ್ವ, ಮಗುವಿನ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ. ಅದರ ಆಸ್ತಿ, ಹಣ, ಕಾಗದಪತ್ರಗಳ ಉಸ್ತುವಾರಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಇವೆರಡನ್ನೂ ಹೀಗೆ ಹಂಚುತ್ತದೆ: ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಆದರೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಅಂದರೆ ಎದ್ದು ಹಾಲು ಕಾಯಿಸುವುದು, ಬಟ್ಟೆ ಒಗೆಯುವುದು, ರಾತ್ರಿ ಕೆಮ್ಮಿದರೆ ಎಬ್ಬಿಸಿ ಔಷಧ ಕುಡಿಸುವುದು ತಾಯಿಗೆ, ಸಹಿ ತಂದೆಗೆ. ಟಿ.ಸಿ. ಕೊಡದ ಆ ಗುಮಾಸ್ತರು ಕಾಯ್ದೆ ಓದಿದ್ದರೋ ಇಲ್ಲವೋ, ಅವರ ಮಾತು ಕಾಯ್ದೆಯ ಮಾತೇ ಆಗಿತ್ತು.

(ಅವರನ್ನು ಬೈಯುವ ಮೊದಲು ನನ್ನದನ್ನೂ ನೋಡಿಕೊಳ್ಳಬೇಕು. ಮೇಲಿನ ಸಾಲುಗಳಲ್ಲಿ ಅಪ್ಪ ‘ತೆಗೆದುಕೊಂಡರು’, ಅಮ್ಮ ‘ಬಂದುಬಿಟ್ಟಿದ್ದಳು’. ಯೋಚಿಸದೆ ಬರೆದದ್ದು. ತಿದ್ದಲು ಹೋದೆ, ಅಮ್ಮನನ್ನು ‘ಬಂದರು’ ಅಂದರೆ ಯಾರೋ ಪಕ್ಕದ ಮನೆಯವರ ಹಾಗೆ ಕೇಳಿಸಿತು. ಹಾಗೇ ಬಿಟ್ಟೆ.)

ಈ ‘ನಂತರ’ ಎಂಬ ಪದಕ್ಕೆ ದೊಡ್ಡ ಕಥೆಯೇ ಇದೆ. ಕಾದಂಬರಿಗಾರ್ತಿ ಗೀತಾ ಹರಿಹರನ್ 1984ರಲ್ಲಿ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್‌ಗೆ ಅರ್ಜಿ ಹಾಕಿದರು. ತಾಯಿಯೇ ಪಾಲಕಿಯಾಗಿ ಸಹಿ ಮಾಡಲಿ ಎಂದು ಗಂಡ–ಹೆಂಡತಿ ಒಟ್ಟಿಗೆ ತೀರ್ಮಾನಿಸಿದ್ದರು. ಅವರ ನಡುವೆ ಈ ವಿಷಯದಲ್ಲಿ ಜಗಳವಿರಲಿಲ್ಲ. ಆದರೂ ಬ್ಯಾಂಕು ಅರ್ಜಿ ವಾಪಸ್ ಮಾಡಿ, ತಂದೆಯ ಸಹಿ ತನ್ನಿ ಅಥವಾ ನೀವು ಪಾಲಕಿ ಎಂದು ಸಂಬಂಧಪಟ್ಟವರಿಂದ ಪ್ರಮಾಣಪತ್ರ ತನ್ನಿ ಎಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚ್ಛೇದನದ ಪ್ರಕರಣ ನಡೆಯುತ್ತಿದ್ದಾಗ ಇದೇ ಸಮಸ್ಯೆ ಎದುರಿಸಿದ ಪರಿಸರ ಚಿಂತಕಿ ವಂದನಾ ಶಿವ ಅವರ ಅರ್ಜಿಯೂ ಜೊತೆ ಸೇರಿತು. ತೀರ್ಪು ಬಂದದ್ದು 1999ರ ಫೆಬ್ರುವರಿಯಲ್ಲಿ.

ಕೋರ್ಟು ಸೆಕ್ಷನ್ನನ್ನು ರದ್ದು ಮಾಡಲಿಲ್ಲ. ‘ನಂತರ’ ಎಂದರೆ ‘ತಂದೆ ಸತ್ತ ನಂತರ’ ಎಂದು ಓದಿದರೆ ಸಂವಿಧಾನದ ಸಮಾನತೆಗೆ ವಿರುದ್ಧವಾಗುತ್ತದೆ. ಆದ್ದರಿಂದ ‘ತಂದೆ ಇಲ್ಲದಿರುವಾಗ’ ಎಂದು ಓದಿಕೊಳ್ಳಿ ಎಂದಿತು. ಇಲ್ಲದಿರುವುದು ಅಂದರೆ? ತಂದೆ ದೂರದಲ್ಲಿರಬಹುದು, ಮಗುವಿನ ಬಗ್ಗೆ ಪೂರ್ತಿ ಉದಾಸೀನನಾಗಿರಬಹುದು, ಕಾಯಿಲೆ ಬಿದ್ದಿರಬಹುದು, ಅಥವಾ ಇಬ್ಬರೂ ಮಾತಾಡಿಕೊಂಡು ತಾಯಿಗೇ ವಹಿಸಿರಬಹುದು. ಇಷ್ಟು ಸಂದರ್ಭಗಳಲ್ಲಿ ತಂದೆ ಬದುಕಿದ್ದರೂ ತಾಯಿ ಸಹಜ ಪಾಲಕಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ತೀರ್ಪನ್ನು ‘ತಾಯಿಗೂ ಸಮಾನ ಹಕ್ಕು ಕೊಟ್ಟ ತೀರ್ಪು’ ಅಂತ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮನೆಗೆ ಅದನ್ನು ಹೊಂದಿಸಿ ನೋಡಿದೆ. ನಮ್ಮಪ್ಪ ಇಲ್ಲದಿರಲಿಲ್ಲ. ಇದ್ದರು, ಚೆನ್ನಾಗಿಯೇ ಇದ್ದರು, ದಾವಣಗೆರೆಯಲ್ಲಿ ಕೂತು ‘ಸಹಿ ಹಾಕಲ್ಲ’ ಅನ್ನುತ್ತಿದ್ದರು. ಉದಾಸೀನವಂತೂ ಇಲ್ಲವೇ ಇಲ್ಲ. ನನ್ನ ಮೇಲೆ ಪ್ರೀತಿ ಇದ್ದದ್ದಕ್ಕೇ ಸಹಿ ಹಾಕಲಿಲ್ಲ. ಅಂಥ ಮನೆಯಲ್ಲಿ ‘ಇಲ್ಲದಿರುವಾಗ’ ಎಂಬ ವ್ಯಾಖ್ಯಾನ ತಾಯಿಗೆ ಹೇಗೆ ನೆರವಾಗುತ್ತದೆ? ಅಪ್ಪ ಇದ್ದೂ ಇಲ್ಲದವರು ಅಂತ ಅವಳು ಮೊದಲು ಸಾಬೀತು ಮಾಡಬೇಕು. ಟಿ.ಸಿ. ಕೇಳಲು ಹೋದವಳು ಅದನ್ನು ಶಾಲೆಯ ಆಫೀಸಿನಲ್ಲಿ ಹೇಗೆ ಸಾಬೀತು ಮಾಡುತ್ತಾಳೆ? ಗಂಡ ಒಪ್ಪಿದ್ದರೆ ಈ ತೀರ್ಪು ಕೆಲಸಕ್ಕೆ ಬರುತ್ತದೆ, ಗಂಡ ಬಿಟ್ಟುಹೋಗಿದ್ದರೂ ಬರುತ್ತದೆ. ಇಬ್ಬರೂ ಮಗುವಿನ ಎರಡು ಕೈ ಹಿಡಿದು ಎಳೆಯುತ್ತಿರುವಾಗ ಬಲ ಮತ್ತೆ ಅಪ್ಪನ ಕಡೆಗೇ.

ಇನ್ನೊಂದು ವಿಚಿತ್ರ ಇದೆ. ಅದೇ 6ನೇ ಸೆಕ್ಷನ್ ಪ್ರಕಾರ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಮೊದಲ ಪಾಲಕಿ ತಾಯಿ, ಅವಳ ನಂತರ ತಂದೆ. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಅವಿವಾಹಿತ ತಾಯಿ ಮಗುವಿನ ತಂದೆಗೆ ನೋಟಿಸ್ ಕೊಡದೆಯೇ ತಾನೊಬ್ಬಳೇ ಪಾಲಕಿಯಾಗಲು ಅರ್ಜಿ ಸಲ್ಲಿಸಬಹುದು ಎಂದಿತು. ಒಳ್ಳೆಯದೇ. ಆದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ: ತಾಳಿ ಕಟ್ಟಿಸಿಕೊಳ್ಳದ ತಾಯಿಗೆ ಕಾನೂನು ಕೊಡುವ ಮೊದಲ ಸ್ಥಾನ ತಾಳಿ ಕಟ್ಟಿಸಿಕೊಂಡ ತಾಯಿಗೆ ಇಲ್ಲ. ಮದುವೆಯಾದ ಅಪ್ರಾಪ್ತ ಹುಡುಗಿಗೆ ಪಾಲಕ ಅವಳ ಗಂಡ ಎಂಬ ಸಾಲು ಕೂಡ ಅಲ್ಲೇ ಇದೆ. ಬಾಲ್ಯವಿವಾಹವನ್ನು ನಿಷೇಧಿಸಿದ ದೇಶದಲ್ಲಿ ಆ ಸಾಲಿನ ಕಥೆ ಇನ್ನೊಂದು ಲೇಖನಕ್ಕೆ ಇರಲಿ.

ಹಿಂದೂಗಳದ್ದು ಮಾತ್ರ ಅಂದುಕೊಳ್ಳಬೇಡಿ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲೂ ಚಿಕ್ಕ ಮಗುವನ್ನು ಇಟ್ಟುಕೊಂಡು ಸಾಕುವ ಹಕ್ಕು ತಾಯಿಗೆ, ಸಹಜ ಪಾಲಕತ್ವ ತಂದೆಗೆ. ಹೊರೆ ಒಬ್ಬರಿಗೆ, ಅಧಿಕಾರ ಒಬ್ಬರಿಗೆ ಎಂಬುದರಲ್ಲಿ ನಾವೆಲ್ಲ ಒಂದೇ.

ಬದಲಾಯಿಸಿ ಎಂದು ಯಾರೂ ಹೇಳಿಲ್ಲವೆಂದಲ್ಲ. ಕಾನೂನು ಆಯೋಗ 1989ರಲ್ಲಿ ತನ್ನ 133ನೇ ವರದಿಯಲ್ಲೇ ಹೇಳಿತು. ಮಗು ತಾಯಿಯ ಬಳಿ ಇರಬೇಕಾದ ವಯಸ್ಸನ್ನು ಐದರಿಂದ ಹನ್ನೆರಡಕ್ಕೆ ಏರಿಸಿ ಎಂದೂ ಸೇರಿಸಿತು. ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷರಾಗಿದ್ದಾಗ, 2015ರ ಮೇ ತಿಂಗಳಲ್ಲಿ, 257ನೇ ವರದಿ ಬಂತು. ತಂದೆ ತಾಯಿ ಇಬ್ಬರೂ ಏಕಕಾಲಕ್ಕೆ ಸಮಾನ ಪಾಲಕರಾಗಲಿ ಎಂದು ತಿದ್ದುಪಡಿಯ ಕರಡನ್ನೂ ಅದು ಬರೆದುಕೊಟ್ಟಿತು. 2022ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೂ ಅದನ್ನೇ ಶಿಫಾರಸು ಮಾಡಿತು. ನಾನು ಇದನ್ನು ಬರೆಯುವ ಹೊತ್ತಿಗೂ ಸೆಕ್ಷನ್‌ನಲ್ಲಿ ‘ನಂತರ’ ಹಾಗೇ ಕೂತಿದೆ.

ಈಗ ಅಪ್ಪಂದಿರ ಮಾತಿಗೆ ಬರುತ್ತೇನೆ. ಇಲ್ಲಿ ನನ್ನ ಅಮ್ಮನಿಗೆ ಸ್ವಲ್ಪ ಬೇಸರವಾಗಬಹುದು.

ಕೋರ್ಟು ನನ್ನನ್ನು ಅಮ್ಮನ ಬಳಿ ಬಿಟ್ಟಿತು. ಅಪ್ಪನಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಅವರು ಬೆಳಗಿನ ಜಾವ ದಾವಣಗೆರೆಯಲ್ಲಿ ಬಸ್ ಹತ್ತಿ, ಚಿತ್ರದುರ್ಗ, ಹಿರಿಯೂರು, ಶಿರಾ ದಾಟಿ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದರು. ಕೈಯಲ್ಲಿ ಒಂದು ದೊಡ್ಡ ಕವರ್ ಮಂಡಕ್ಕಿ. ಸಿದ್ಧಗಂಗೆಗೆ ಹೋಗಿ ಬೆಟ್ಟ ಹತ್ತುತ್ತಿದ್ದೆವು, ಮಠದಲ್ಲಿ ಊಟ, ಆಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಮಗುವಿನ ಜೊತೆ ಮಾತು ಬೆಳೆಯಬೇಕಾದರೆ ಅದರ ದಿನಚರಿ ಗೊತ್ತಿರಬೇಕು. ಯಾರ ಜೊತೆ ಜಗಳ ಆಡಿತು, ಯಾವ ಟೀಚರ್ ಬೈದರು, ಯಾವ ಹಲ್ಲು ಅಲ್ಲಾಡುತ್ತಿದೆ. ಅಪ್ಪನಿಗೆ ಯಾವುದೂ ಗೊತ್ತಿರುತ್ತಿರಲಿಲ್ಲ. ಪ್ರತಿ ಸಲವೂ ‘ಚೆನ್ನಾಗಿ ಓದ್ತಿದೀಯಾ ಮರಿ?’ ಅಂತ ಕೇಳುತ್ತಿದ್ದರು. ನಾನು ‘ಹ್ಞೂಂ’ ಅನ್ನುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಇಬ್ಬರೂ ಬಸ್ ಸ್ಟ್ಯಾಂಡಿನ ಗಡಿಯಾರ ನೋಡುತ್ತಿದ್ದೆವು. ಬೇಗ ಐದಾಗಲಿ ಅಂತಲೋ ಆಗದಿರಲಿ ಅಂತಲೋ ನನಗೆ ಈಗಲೂ ಹೇಳಲು ಬರುವುದಿಲ್ಲ.

ಹಾಗಾಗಿ, ಮಕ್ಕಳನ್ನು ಸಾಕುವುದರಲ್ಲಿ ತಮಗೂ ಪಾಲು ಬೇಕು ಎಂದು ಕೇಳುವ ಅಪ್ಪಂದಿರ ಗುಂಪುಗಳನ್ನು ನಾನು ಗೇಲಿ ಮಾಡಲಾರೆ. ಮಗುವಿಗೆ ಇಬ್ಬರ ಪ್ರೀತಿಯೂ ಸಿಗಬೇಕು, ದೂರವಿರುವವರಿಗೆ ಫೋನು, ವಿಡಿಯೊ ಕರೆಯ ಅವಕಾಶವಾದರೂ ಇರಬೇಕು ಎಂದು ಸುಪ್ರೀಂ ಕೋರ್ಟು ಕೂಡ 2020ರ ಒಂದು ತೀರ್ಪಿನಲ್ಲಿ ಹೇಳಿದೆ. ನಮ್ಮ ಕಾಲಕ್ಕೆ ಅದೂ ಇರಲಿಲ್ಲ. ಇಡೀ ವಾರದಲ್ಲಿ ಅಪ್ಪ ಫೋನ್ ಮಾಡಿದರೆ ಅಜ್ಜಿ ಎತ್ತಿ ‘ಆಡೋಕೆ ಹೋಗಿದೆ’ ಅನ್ನುತ್ತಿದ್ದಳು. ನಾನು ಅಲ್ಲೇ ಚಾಪೆಯ ಮೇಲೆ ಹೋಂವರ್ಕ್ ಮಾಡುತ್ತಿರುತ್ತಿದ್ದೆ.

ಆದರೆ ಆ ಗುಂಪುಗಳಲ್ಲಿ ಕೆಲವರು ಕೇಳುವ ಪರಿಹಾರ, ಅಂದರೆ ದಿನಗಳನ್ನು ಕಡ್ಡಾಯವಾಗಿ ಅರ್ಧರ್ಧ ಹಂಚಿ ಎಂಬುದು, ನನಗೆ ಒಪ್ಪಿಗೆಯಿಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ಪ್ರಕರಣದಲ್ಲಿ ಮಗು ಜನವರಿಯಿಂದ ಜೂನ್ ತನಕ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತನಕ ತಾಯಿಯ ಬಳಿ ಇರಲಿ ಎಂದು ಆದೇಶಿಸಿತ್ತು. ಕಾನೂನು ಆಯೋಗದ 257ನೇ ವರದಿಯಲ್ಲಿ ಅದರ ಪ್ರಸ್ತಾಪವಿದೆ. ಎರಡೂ ಮನೆ ಒಂದೇ ಊರಿನಲ್ಲಿದ್ದು, ಶಾಲೆ ನಡುವೆ ಇದ್ದರೆ ಇಂಥ ಏರ್ಪಾಡು ನಡೆದೀತು. ಆದರೆ ನಮ್ಮಲ್ಲಿ ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ದಾವಣಗೆರೆಯಲ್ಲಿ ಹೊಸ ಪುಸ್ತಕಕ್ಕೆ ಬೈಂಡ್ ಹಾಕಿ, ಪಕ್ಕದಲ್ಲಿ ಕೂರುವ ಗೆಳೆಯರನ್ನು ಮಾಡಿಕೊಳ್ಳುವಷ್ಟರಲ್ಲಿ ಜುಲೈ ಬಂದು ತುಮಕೂರಿಗೆ ಗಂಟು ಕಟ್ಟಬೇಕು. ಸಮಾನತೆ ಅಪ್ಪ–ಅಮ್ಮಂದಿರಿಗೆ ಸಿಕ್ಕಿತು, ಬಸ್ ಚಾರ್ಜು ಮಗುವಿನ ಲೆಕ್ಕಕ್ಕೆ.

ಹೊರಗಿನ ಅನುಭವವೂ ಇದೆ. ಆಸ್ಟ್ರೇಲಿಯಾ 2006ರಲ್ಲಿ ತನ್ನ ಕುಟುಂಬ ಕಾನೂನಿಗೆ ತಿದ್ದುಪಡಿ ತಂದು, ಇಬ್ಬರಿಗೂ ಸಮಾನ ಜವಾಬ್ದಾರಿ ಎಂಬುದನ್ನು ಪೂರ್ವಭಾವನೆಯಾಗಿ ಇಟ್ಟುಕೊಂಡೇ ಕೋರ್ಟು ಹೊರಡಬೇಕು ಎಂದಿತು. ಜನ ಅದನ್ನು ‘ಸಮಾನ ಸಮಯದ ಹಕ್ಕು’ ಎಂದೇ ತಿಳಿದರು. ಮನೆಯಲ್ಲಿ ಹೊಡೆತ ತಿಂದು ಹೊರಬಂದವರೂ ಅದೇ ಪೂರ್ವಭಾವನೆಯ ಎದುರು ವಾದಿಸಬೇಕಾಯಿತು. 2023ರಲ್ಲಿ ಆ ದೇಶ ಅದನ್ನು ತೆಗೆದುಹಾಕಿತು. 2024ರ ಮೇ ತಿಂಗಳಿನಿಂದ ಹೊಸ ನಿಯಮ ಜಾರಿಯಲ್ಲಿದೆ. ನಮ್ಮ ಕಾನೂನು ಆಯೋಗವೂ ಜಂಟಿ ಕಸ್ಟಡಿಯನ್ನು ಒಂದು ಆಯ್ಕೆಯಾಗಿ ಸೇರಿಸಿ ಎಂದಿತೇ ಹೊರತು ಎಲ್ಲರಿಗೂ ಅದೇ ಎಂದು ಹೇಳಲಿಲ್ಲ. ಅದು ಸರಿ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ನಿನಗೆ ಬೇಕಾದದ್ದೇನು ಎಂದು ಹಾಸ್ಟೆಲ್‌ನಲ್ಲಿ ರೂಂಮೇಟ್ ಕೇಳಿದ. ಚರ್ಚಾ ಸ್ಪರ್ಧೆ ಮುಗಿದ ರಾತ್ರಿ ಅದು. ‘ಇಬ್ಬರಿಗೂ ಸಮಾನ ಪವರ್ ಕೊಟ್ರೆ ಡೆಡ್‌ಲಾಕ್ ಆಗಲ್ವೇನೋ?’ ಅಂದ. ಆಪರೇಟಿಂಗ್ ಸಿಸ್ಟಂ ಪಾಠ ಆಗತಾನೆ ಮುಗಿದಿತ್ತು. ಒಂದರ ಕೈಯಲ್ಲಿರುವುದು ಇನ್ನೊಂದಕ್ಕೆ ಬೇಕು, ಇನ್ನೊಂದರ ಕೈಯಲ್ಲಿರುವುದು ಇದಕ್ಕೆ ಬೇಕು, ಯಾವುದೂ ಬಿಡುವುದಿಲ್ಲ, ಸಿಸ್ಟಂ ನಿಂತುಬಿಡುತ್ತದೆ. ಪ್ರಶ್ನೆ ಚೆನ್ನಾಗಿತ್ತು. ಅಪ್ಪನೊಬ್ಬನ ಸಹಿಯ ಬದಲು ಇಬ್ಬರ ಸಹಿಯೂ ಬೇಕು ಎಂದಾಗಿದ್ದರೆ ನನ್ನ ಟಿ.ಸಿ. ಆಗಲೂ ಸಿಗುತ್ತಿರಲಿಲ್ಲವಲ್ಲ.

ಉತ್ತರ ಹೊಳೆದದ್ದು ಇನ್ನೂ ಹಳೆಯ ಪಾಠದಿಂದ. ಲಾಜಿಕ್ ಗೇಟ್‌ಗಳಲ್ಲಿ ಎರಡು ಬಗೆ ಎಲ್ಲರಿಗೂ ಗೊತ್ತು. ‘ಆ್ಯಂಡ್’ ಗೇಟಿಗೆ ಎರಡೂ ಕಡೆಯಿಂದ ಒಪ್ಪಿಗೆ ಬರಬೇಕು. ‘ಆರ್’ ಗೇಟಿಗೆ ಯಾವುದಾದರೂ ಒಂದು ಸಾಕು. ಸಮಾನತೆ ಎಂದರೆ ‘ಮತ್ತು’ ಎಂದೇ ನಾವೆಲ್ಲ ಹಿಡಿದಿದ್ದೇವೆ. ‘ಅಥವಾ’ ಕೂಡ ಸಮಾನತೆಯೇ. ಟಿ.ಸಿ., ಆಸ್ಪತ್ರೆ, ಬ್ಯಾಂಕ್ ಖಾತೆ, ಶಾಲಾ ಪ್ರವಾಸ, ಸ್ಕಾಲರ್‌ಶಿಪ್ ಅರ್ಜಿ: ಇವಕ್ಕೆಲ್ಲ ತಂದೆ ಅಥವಾ ತಾಯಿ, ಮಗು ಯಾರ ಬಳಿ ಇದೆಯೋ ಅವರ ಸಹಿ ಸಾಕು. ಮಗುವನ್ನು ವಿದೇಶಕ್ಕೆ ಕರೆದುಕೊಂಡು ಹೋಗಿ ನೆಲೆಸುವುದು, ದತ್ತು ಕೊಡುವುದು ಇಂಥವಕ್ಕೆ ಇಬ್ಬರೂ ಬೇಕು.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ ಎಂದು ಆಮೇಲೆ ಓದಿದಾಗ ತಿಳಿಯಿತು. ಇಂಗ್ಲೆಂಡಿನ 1989ರ ಮಕ್ಕಳ ಕಾಯ್ದೆ ಇದನ್ನೇ ಹೇಳುತ್ತದೆ: ಪಾಲಕತ್ವದ ಜವಾಬ್ದಾರಿ ಇಬ್ಬರಿಗಿದ್ದರೆ, ಇಬ್ಬರದೂ ಒಪ್ಪಿಗೆ ಬೇಕೆಂದು ಕಾನೂನು ಹೇಳಿರುವ ಸಂಗತಿಗಳನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಬ್ಬೊಬ್ಬರೇ ನಿರ್ಧರಿಸಬಹುದು. ನಮ್ಮ ಕಾನೂನಿಗೂ ‘ಮತ್ತು’ ಹೊಸದಲ್ಲ. ಹಿಂದೂ ಮಗುವನ್ನು ದತ್ತು ಕೊಡಲು ತಂದೆಗೂ ತಾಯಿಗೂ ಸಮಾನ ಹಕ್ಕು, ಆದರೆ ಇನ್ನೊಬ್ಬರ ಒಪ್ಪಿಗೆ ಬೇಕು ಎಂದು 2010ರಲ್ಲೇ ತಿದ್ದುಪಡಿಯಾಗಿದೆ. ಮಗುವಿನ ಹೆಸರಿನಲ್ಲಿರುವ ಜಮೀನು, ಮನೆ ಮಾರಬೇಕಾದರೆ ಅಪ್ಪನಾದರೂ ಕೋರ್ಟಿನ ಅನುಮತಿ ಪಡೆಯಲೇಬೇಕು. ದೊಡ್ಡ ವಿಷಯಗಳಿಗೆ ಬೀಗ ಈಗಾಗಲೇ ಇದೆ. ಚಿಕ್ಕ ವಿಷಯಗಳಿಗೆ ಎರಡು ಕೀಲಿಕೈ ಮಾಡಿಸಿಕೊಡಿ ಎಂದಷ್ಟೇ ಕೇಳುತ್ತಿರುವುದು.

ಕೆಲವು ಕಡೆ ಮಾಡಿಸಿಯೂ ಇದ್ದಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿದರು. ತಾಯಿ ಒಬ್ಬಳೇ ಸಾಕಿದವರು ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಕೊಡಲೇಬೇಕಿಲ್ಲ ಎಂಬುದು 2018ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಎರಡಕ್ಕೂ 1956ರ ಕಾಯ್ದೆ ತಿದ್ದುವ ತನಕ ಕಾಯಲಿಲ್ಲ. ಆದರೂ ಆನ್‌ಲೈನ್ ಫಾರಂಗಳನ್ನು ತೆರೆದು ನೋಡಿ. ‘ತಂದೆಯ ಹೆಸರು’ ಎಂಬುದರ ಪಕ್ಕ ಕೆಂಪು ನಕ್ಷತ್ರ. ತಾಯಿಯ ಹೆಸರಿನ ಪಕ್ಕ ಎಷ್ಟೋ ಸಲ ಇರುವುದಿಲ್ಲ. ಅದನ್ನು ಹಾಕಿದ್ದು ಸಂಸತ್ತಲ್ಲ, ನಮ್ಮಂಥವರೇ ಯಾರೋ ಪ್ರೋಗ್ರಾಮರ್, ಹಳೆಯ ಕಾಗದದ ಫಾರಂ ಮುಂದಿಟ್ಟುಕೊಂಡು.

ಇಷ್ಟು ಹೇಳಿದ ಮೇಲೂ ಮುಖ್ಯವಾದದ್ದು ಬಾಕಿ ಇದೆ. ಬರೆಯಲು ಹಿಂಜರಿಯುತ್ತಿದ್ದದ್ದೂ ಅದೇ.

1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ, ಬುದ್ಧಿ ತಿಳಿದ ಮಗುವಾದರೆ ಅದರ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು ಎಂದಿದೆ. ಬ್ರಿಟಿಷರ ಕಾಲದ ಕಾಯ್ದೆಯಲ್ಲಿ ಇದೊಂದು ಒಳ್ಳೆಯ ಸಾಲು. ಹಾಗೆಯೇ ನನ್ನನ್ನೂ ಒಂದು ದಿನ ಜಡ್ಜ್ ಸಾಹೇಬರ ಕೊಠಡಿಗೆ ಕರೆದರು. ಆಗ ನನಗೆ ಒಂಬತ್ತು. ಅವರು ತುಂಬ ಒಳ್ಳೆಯವರು, ಕುರ್ಚಿಯಿಂದ ಎದ್ದು ಬಂದು ಪಕ್ಕದಲ್ಲಿ ಕೂತರು, ಚಾಕೊಲೇಟ್ ಕೊಟ್ಟರು. ಯಾವ ಕ್ಲಾಸು, ಯಾವ ಆಟ ಇಷ್ಟ ಅಂತೆಲ್ಲ ಕೇಳಿ, ಕೊನೆಗೆ ‘ಯಾರ ಜೊತೆ ಇರ್ತೀಯ ಪುಟ್ಟಾ?’ ಅಂದರು.

‘ಅಮ್ಮ’ ಅಂದೆ.

ಆ ದಿನ ಬೆಳಿಗ್ಗೆ ಅಮ್ಮ ಇಡ್ಲಿ ತಿನ್ನಿಸಿ, ತಲೆ ಬಾಚಿ, ಕೈ ಹಿಡಿದು ಕರೆದುಕೊಂಡು ಬಂದಿದ್ದಳು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ವಾಪಸ್ ಅವಳ ಜೊತೆಯೇ ಹೋಗಬೇಕಿತ್ತು. ಅಪ್ಪ ಕರೆತಂದಿದ್ದರೆ ‘ಅಪ್ಪ’ ಅಂತಿದ್ದೆ. ಇದು ಖಂಡಿತ. ಒಂಬತ್ತು ವರ್ಷಕ್ಕೆ ಆ ಪ್ರಶ್ನೆ ನನಗೆ ಅರ್ಥವಾದದ್ದು ‘ಈಗ ಯಾರ ಜೊತೆ ಮನೆಗೆ ಹೋಗ್ತೀಯ’ ಎಂದೇ.

ಮುಂದಿನ ಭಾನುವಾರ ಸಿದ್ಧಗಂಗೆ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ದಾಗ ಅಪ್ಪ ಮಂಡಕ್ಕಿ ಕವರ್ ಬಿಚ್ಚುತ್ತಾ, ‘ಅಮ್ಮನೇ ಬೇಕು ಅಂದ್ಯಂತೆ?’ ಎಂದರು. ಸಿಟ್ಟಿರಲಿಲ್ಲ ಮಾತಿನಲ್ಲಿ. ನಾನು ಮಂಡಕ್ಕಿ ತಿನ್ನುತ್ತಾ ಇದ್ದೆ. ಆ ಉತ್ತರ ಕೊಟ್ಟವರು ನಾವಾಗಿರುತ್ತೇವೆ, ಅದರ ಮೇಲೆ ನಿಂತ ಆದೇಶ ವರ್ಷಗಟ್ಟಲೆ ನಡೆಯುತ್ತದೆ. ಜಗಳ ದೊಡ್ಡವರದ್ದು, ತೀರ್ಪು ಕೊಟ್ಟ ಪಾಪ ಮಗುವಿಗೆ ಅಂಟಿಕೊಳ್ಳುತ್ತದೆ.

ಮಗುವನ್ನು ಕೇಳಬೇಡಿ ಅನ್ನುತ್ತಿಲ್ಲ. ಕೇಳಬೇಕು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನು ಆಲಿಸಬೇಕು ಎಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ‘ಯಾರು ಬೇಕು’ ಎಂದು ಕೇಳುವುದು ಬೇರೆ, ‘ನಿನ್ನ ದಿನ ಹೇಗಿರುತ್ತೆ’ ಎಂದು ಕೇಳುವುದು ಬೇರೆ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಹೆದರಿಕೆಯಾದರೆ ಯಾರ ಹತ್ತಿರ ಹೋಗುತ್ತೀಯ, ಅಪ್ಪ ಫೋನ್ ಮಾಡಿದರೆ ಮಾತಾಡಿಸುತ್ತಾರಾ? ಇದನ್ನು ಒಂದೇ ದಿನ ಹತ್ತು ನಿಮಿಷದಲ್ಲಿ ಕೇಳಿ ಮುಗಿಸಲಾಗುವುದಿಲ್ಲ. ಇಬ್ಬರ ವಕೀಲರಿಗೂ ಸಂಬಂಧಪಡದ ಯಾರಾದರೂ ಎರಡೂ ಮನೆಗೆ ಹೋಗಿ, ನಾಲ್ಕು ಸಲ ಕೂತು ಕೇಳಬೇಕು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ ಕೌನ್ಸೆಲರ್‌ಗಳ ನೇಮಕಕ್ಕೂ, ತಜ್ಞರ ನೆರವಿಗೂ ಅವಕಾಶವಿದೆ. ನನ್ನ ಪ್ರಕರಣದಲ್ಲಿ ಕೌನ್ಸೆಲರ್ ಇದ್ದರು, ಅಪ್ಪ–ಅಮ್ಮನ ಜೊತೆ ಮಾತನಾಡಿದರು. ಇಬ್ಬರನ್ನು ಮತ್ತೆ ಒಂದುಗೂಡಿಸುವುದು ಅವರ ಪ್ರಯತ್ನ. ನನ್ನ ಜೊತೆ ಮಾತನಾಡಲು ಯಾರನ್ನೂ ನೇಮಿಸಿರಲಿಲ್ಲ.

ಇನ್ನೂ ಒಂದು. ಹದಿಮೂರಕ್ಕೆ ನನ್ನ ಮನಸ್ಸು ಬದಲಾಯಿತು. ಹೈಸ್ಕೂಲಿಗೆ ದಾವಣಗೆರೆಗೆ ಹೋಗಬೇಕು, ಅಪ್ಪನ ಜೊತೆ ಇರಬೇಕು ಅನ್ನಿಸಿತು. ಅಮ್ಮನ ಮೇಲೆ ಸಿಟ್ಟೇನೂ ಇರಲಿಲ್ಲ; ಅಪ್ಪ ಅಂದರೆ ಯಾರು ಅಂತ ನೋಡಬೇಕಿತ್ತು, ಭಾನುವಾರದ್ದಲ್ಲದ ಅಪ್ಪ. ಕಸ್ಟಡಿ ಆದೇಶ ಎಂದಿಗೂ ಅಂತಿಮವಲ್ಲ, ಮಗು ಬೆಳೆದಂತೆ ಬದಲಾಯಿಸಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲೇ, ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಮಕ್ಕಳು ಅಪ್ಪ–ಅಮ್ಮನ ಆಸ್ತಿಯೂ ಅಲ್ಲ, ಆಟಿಕೆಯೂ ಅಲ್ಲ ಎಂದು ಹೇಳಿದ್ದೂ ಅದೇ ತೀರ್ಪು. ಆದರೆ ಬದಲಾಯಿಸಿ ಎಂದು ಕೇಳಬೇಕಾದವರು ಅಪ್ಪ ಅಥವಾ ಅಮ್ಮ, ಇಲ್ಲವೇ ದೊಡ್ಡವರು ಯಾರಾದರೂ. ಮಗು ತಾನೇ ಹ��ಗಿ ತಟ್ಟಬಹುದಾದ ಬಾಗಿಲು ಅಲ್ಲಿಲ್ಲ. ಅಮ್ಮನ ಹತ್ತಿರ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಆವತ್ತು ತೊಳೆಯುವ ಪಾತ್ರೆ ಇರಲಿಲ್ಲ, ಮಧ್ಯಾಹ್ನವೇ ತೊಳೆದಾಗಿತ್ತು. ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡು ಅಥವಾ ಮೂರು ವರ್ಷಕ್ಕೊಮ್ಮೆ, ಯಾರೂ ಅರ್ಜಿ ಹಾಕದಿದ್ದರೂ, ಕೋರ್ಟೇ ಮಗುವನ್ನು ಕರೆದು ವಿಚಾರಿಸುವ ವ್ಯವಸ್ಥೆ ಇದ್ದಿದ್ದರೆ ನಾನು ಅಮ್ಮನಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವಳಿಗೂ ಇಲ್ಲದ ಪಾತ್ರೆ ತೊಳೆಯುವ ಕೆಲಸ ಬರುತ್ತಿರಲಿಲ್ಲ. ಕೋರ್ಟುಗಳಿಗೆ ಈಗಿರುವ ಕೇಸುಗಳೇ ಹೊರೆ, ಇದನ್ನೆಲ್ಲಿ ಮಾಡುತ್ತಾರೆ ಎಂದು ನೀವು ಕೇಳಬಹುದು. ಜಡ್ಜೇ ಮಾಡಬೇಕೆಂದಿಲ್ಲ. ತರಬೇತಿ ಪಡೆದ ಒಬ್ಬರು ಕೌನ್ಸೆಲರ್, ಒಂದು ಗಂಟೆ, ಒಂದು ಪುಟದ ವರದಿ. ಬದಲಾವಣೆ ಬೇಡ ಎಂದು ಮಗು ಹೇಳಿದರೆ ಫೈಲು ಅಲ್ಲಿಗೇ ಮುಗಿಯಿತು.

ಈ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ಹಾಸ್ಟೆಲ್ ಔಟ್‌ಪಾಸ್ ಆ್ಯಪ್. ಈಗ ಕಾಗದದ ಮೇಲೆ ಇರುವುದನ್ನೇ ಮೊಬೈಲಿಗೆ ತರುವ ಕೆಲಸ. ಹಳೆಯ ಫಾರಂನಲ್ಲಿ ‘ತಂದೆಯ ಫೋನ್ ನಂಬರ್’ ಒಂದೇ ಇತ್ತು. ನಾವು ಎರಡು ಖಾನೆ ಮಾಡಿ, ಮೇಲೆ ‘ಪಾಲಕರು: ಯಾರಾದರೂ ಒಬ್ಬರು’ ಎಂದು ಹಾಕಿದೆವು. ಕೆಂಪು ನಕ್ಷತ್ರ ಎಲ್ಲೂ ಇಲ್ಲ. ರಿವ್ಯೂ ದಿನ ಗೈಡ್ ಸರ್ ಮೊಬೈಲ್ ಕೈಗೆ ತೆಗೆದುಕೊಂಡು ಎರಡೂ ಖಾನೆ ಒತ್ತಿ ನೋಡಿದರು.

‘ಒಬ್ಬರು ಹೋಗು ಅಂದು, ಇನ್ನೊಬ್ಬರು ಬೇಡ ಅಂದ್ರೆ ಏನ್ರೀ ಮಾಡ್ತೀರಿ?’

ನಾನು ಬಾಯಿ ತೆರೆಯುವಷ್ಟರಲ್ಲಿ ರೂಂಮೇಟ್ ಹೇಳಿದ, ‘ಊರಿಗೆ ಹೋಗಿಬರೋ ಔಟ್‌ಪಾಸ್ ತಾನೆ ಸರ್. ಒಬ್ಬರು ಹ್ಞೂಂ ಅಂದ್ರೆ ಸಾಕು.’

ಸರ್ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು.